ಬೆಂಗಳೂರಿನ ಅಂಚಿಗೆ ಮನೆ ಬದಲಾಯಿಸುವ ಮುಂಚೆ: ಸೈಟಿನ ಅಳತೆ, ಅನುಕೂಲ, ಟ್ರಾಫಿಕ್ ಮೂರನ್ನೂ ತೂಗಿ ನೋಡುವ ಬಗೆ

ಬೆಂಗಳೂರಿನ ಒಳಗೆ ಬಾಡಿಗೆ ಕಟ್ಟಿ ಸಾಕಾಗಿ ಸ್ವಂತ ಸೈಟ್ ಹುಡುಕಲು ಹೊರಟರೆ ಕೊನೆಗೆ ಹೋಗಿ ನಿಲ್ಲುವುದು ಊರಿನ ಅಂಚಿನಲ್ಲೇ. ನೆಲಮಂಗಲ, ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ಸರ್ಜಾಪುರ, ಆನೇಕಲ್, ಕನಕಪುರ ರಸ್ತೆ, ಬಿಡದಿ. ಯಾವ ದಿಕ್ಕಿಗೆ ಹೋದರೂ ರಸ್ತೆ ಬದಿಯಲ್ಲಿ ಲೇಔಟ್ ಬೋರ್ಡು, ಬೋರ್ಡಿನ ಪಕ್ಕ ದೊಡ್ಡ ಛತ್ರಿ, ಛತ್ರಿಯ ಕೆಳಗೆ ಫೈಲ್ ಹಿಡಿದು ನಿಂತ ಹುಡುಗ. ಅವನ ಮೊದಲ ಪ್ರಶ್ನೆ ಎಲ್ಲ ಕಡೆಯೂ ಒಂದೇ: "ಯಾವ ಡೈಮೆನ್ಷನ್ ನೋಡ್ತಿದ್ದೀರಾ ಸಾರ್? ಥರ್ಟಿ ಫಾರ್ಟಿನಾ, ಫಾರ್ಟಿ ಸಿಕ್ಸ್ಟಿನಾ?"

ಈ ಪ್ರಶ್ನೆಗೆ ಉತ್ತರ ಕೊಟ್ಟರೆ ಮಾತೆಲ್ಲ ಚದರಡಿಯ ಸುತ್ತಲೇ ಸುತ್ತುತ್ತದೆ. ಇಲ್ಲಿ ಇಷ್ಟು ದುಡ್ಡಿಗೆ 1200 ಚದರಡಿ, ಇನ್ನೊಂದು ಹತ್ತು ಕಿಲೋಮೀಟರ್ ಮುಂದೆ ಹೋದರೆ ಅದೇ ದುಡ್ಡಿಗೆ 2400. ಯಾರಿಗಾದರೂ ಆಸೆ ಆಗುತ್ತೆ ಅಲ್ವಾ? ನನ್ನ ಪ್ರಕಾರ ಅಳತೆಯ ಪ್ರಶ್ನೆ ಕೊನೆಗೆ ಬರಬೇಕು. ಮೊದಲು ಟ್ರಾಫಿಕ್. ಆಮೇಲೆ ನೀರು ಮತ್ತು ಉಳಿದ ಅನುಕೂಲ. ಇವೆರಡರಲ್ಲೂ ಪಾಸಾದ ಜಾಗಗಳಲ್ಲಿ ಮಾತ್ರ ಅಳತೆ ಹೋಲಿಸಬೇಕು. ಸೈಟಿನ ಅಳತೆ ಪತ್ರದಲ್ಲಿ ಬರೆದಿರುತ್ತದೆ, ಅದರ ಮೇಲೆ ಚೌಕಾಸಿ ಮಾಡಬಹುದು. ದಿನಾ ರಸ್ತೆಯಲ್ಲಿ ಕಳೆಯುವ ಮೂರು ಗಂಟೆ ಯಾವ ಪತ್ರದಲ್ಲೂ ಇರುವುದಿಲ್ಲ.

ಹಂತ 1: ಮನೆಯವರ ಓಡಾಟದ ಪಟ್ಟಿ ಮಾಡಿ

ಒಂದು ಹಾಳೆ ತೆಗೆದುಕೊಳ್ಳಿ. ಮನೆಯಲ್ಲಿರುವ ಒಬ್ಬೊಬ್ಬರ ಹೆಸರಿನ ಮುಂದೆ ಎರಡು ವಿಷಯ ಬರೆಯಿರಿ: ವಾರದಲ್ಲಿ ಎಲ್ಲಿಗೆ ಎಷ್ಟು ಸಲ ಹೋಗುತ್ತಾರೆ, ಎಷ್ಟು ಹೊತ್ತಿಗೆ ಅಲ್ಲಿರಬೇಕು. ಸಂಬಳ ತರುವವರ ಆಫೀಸ್ ಒಂದನ್ನೇ ಬರೆದು ಮುಗಿಸಬೇಡಿ. ಅಪ್ಪನಿಗೆ ತಿಂಗಳಿಗೊಮ್ಮೆ ಜಯದೇವ ಆಸ್ಪತ್ರೆ ಇದ್ದರೆ ಅದನ್ನೂ ಬರೆಯಿರಿ. ಮಗಳ ಸಂಗೀತ ಪಾಠ, ಅಮ್ಮ ಸೋಮವಾರ ತಪ್ಪದೆ ಹೋಗುವ ದೇವಸ್ಥಾನ, ತಿಂಗಳಿಗೆರಡು ಸಲ ಊರಿಗೆ ಹೋಗುವ ಬಸ್ಸು ಕೂಡ ಸೇರಲಿ.

ಎಷ್ಟೋ ಮನೆಗಳಲ್ಲಿ ಗಂಡನ ಆಫೀಸಿಗೆ ಹತ್ತಿರ ಅಂತ ಸೈಟ್ ತೆಗೆದುಕೊಂಡಿರುತ್ತಾರೆ. ಹೆಂಡತಿಯ ಕೆಲಸ ಊರಿನ ಇನ್ನೊಂದು ತುದಿಯಲ್ಲಿರುತ್ತದೆ. ಎರಡು ವರ್ಷದೊಳಗೆ ಒಬ್ಬರು ಕೆಲಸ ಬಿಡುವ ಮಾತು ಬರುತ್ತದೆ, ಆ ಒಬ್ಬರು ಯಾರು ಅಂತ ಬೇರೆ ಹೇಳಬೇಕಿಲ್ಲ. ಇಬ್ಬರೂ ದುಡಿಯುವ ಮನೆಯಲ್ಲಿ ಇಬ್ಬರ ಪ್ರಯಾಣದ ಸಮಯ ಕೂಡಿಸಿ ನೋಡಬೇಕು. ಒಬ್ಬರಿಗೆ ಇಪ್ಪತ್ತು ನಿಮಿಷ, ಇನ್ನೊಬ್ಬರಿಗೆ ಎರಡು ಗಂಟೆ ಆಗುವ ಜಾಗಕ್ಕಿಂತ ಇಬ್ಬರಿಗೂ ಐವತ್ತು ನಿಮಿಷ ಆಗುವ ಜಾಗ ಮೇಲು.

ಇನ್ನೊಂದು ಮಾತು. ನಿಮ್ಮ ಐಟಿ ಕಂಪನಿಯಲ್ಲಿ ವಾರಕ್ಕೆ ಎರಡು ದಿನ ಆಫೀಸಿಗೆ ಬಂದರೆ ಸಾಕು ಅಂತ ಇವತ್ತು ನಿಯಮ ಇರಬಹುದು. ನಾಳೆ ಐದು ದಿನ ಬನ್ನಿ ಅಂತ ಒಂದು ಈಮೇಲ್ ಬಂದರೆ ಏನು ಮಾಡುತ್ತೀರಿ? ಪಟ್ಟಿಯಲ್ಲಿ ಐದು ದಿನವನ್ನೇ ಹಾಕಿಕೊಳ್ಳಿ.

ಹಂತ 2: ಟ್ರಾಫಿಕ್ಕನ್ನು ಕಿಲೋಮೀಟರಿನಲ್ಲಿ ಅಳೆಯಬೇಡಿ

ಜಾಹೀರಾತಿನಲ್ಲಿ "ಏರ್‌ಪೋರ್ಟಿಗೆ 20 ನಿಮಿಷ, ಎಲೆಕ್ಟ್ರಾನಿಕ್ ಸಿಟಿಗೆ 25 ನಿಮಿಷ" ಅಂತ ಇರುತ್ತದಲ್ಲ, ಅದು ಸುಳ್ಳೇ ಆಗಿರಬೇಕು ಅಂತೇನಿಲ್ಲ. ಬೆಳಗಿನ ಜಾವ ನಾಲ್ಕಕ್ಕೆ ಹೊರಟರೆ ಅಷ್ಟೇ ಆಗಬಹುದು. ಸೈಟ್ ತೋರಿಸಲು ಭಾನುವಾರ ಬೆಳಿಗ್ಗೆ ಅವರೇ ಕಾರು ಕಳಿಸುವುದೂ ಇದೇ ಲೆಕ್ಕದಲ್ಲಿ.

ಟಾಮ್‌ಟಾಮ್ ಅನ್ನುವ ಟ್ರಾಫಿಕ್ ಅಂಕಿಅಂಶದ ಸಂಸ್ಥೆ 2024ಕ್ಕೆ ಲೆಕ್ಕ ಹಾಕಿದ ಪ್ರಕಾರ ಬೆಂಗಳೂರಿನಲ್ಲಿ 10 ಕಿಲೋಮೀಟರ್ ದಾಟಲು ಸರಾಸರಿ 34 ನಿಮಿಷಕ್ಕೂ ಸ್ವಲ್ಪ ಜಾಸ್ತಿ ಬೇಕು. ಇದು ಸರಾಸರಿ. ಬೆಳಿಗ್ಗೆ ಒಂಬತ್ತು, ಸಂಜೆ ಆರರ ಕತೆ ಬೇರೆ. ಈ ಸರಾಸರಿಯನ್ನೇ ಹಿಡಿದರೂ 25 ಕಿಲೋಮೀಟರ್ ದೂರದ ಆಫೀಸಿಗೆ ಒಂದು ದಿಕ್ಕಿಗೇ ಸುಮಾರು 85 ನಿಮಿಷ ಆಯಿತು.

ದೂರಕ್ಕಿಂತ ಮುಖ್ಯವಾದದ್ದು ದಾರಿಯಲ್ಲಿ ಗಾಡಿಗಳು ಸಿಕ್ಕಿಕೊಳ್ಳುವ ಜಾಗಗಳು ಎಷ್ಟಿವೆ ಅನ್ನುವುದು. ಬೆಂಗಳೂರಿನ ಪ್ರತಿ ದಿಕ್ಕಿಗೂ ಅದರದ್ದೇ ಆದ ಒಂದೊಂದು ಇಕ್ಕಟ್ಟು ಇದೆ. ಬಳ್ಳಾರಿ ರಸ್ತೆಗೆ ಹೆಬ್ಬಾಳ, ತುಮಕೂರು ರಸ್ತೆಗೆ ಗೊರಗುಂಟೆಪಾಳ್ಯ, ಮೈಸೂರು ರಸ್ತೆಗೆ ನಾಯಂಡಹಳ್ಳಿ, ಹಳೇ ಮದ್ರಾಸ್ ರಸ್ತೆಗೆ ಕೆ.ಆರ್. ಪುರ ಮತ್ತು ಟಿನ್ ಫ್ಯಾಕ್ಟರಿ, ಹೊಸೂರು ರಸ್ತೆಗೆ ಸಿಲ್ಕ್ ಬೋರ್ಡ್. ವೈಟ್‌ಫೀಲ್ಡಿನಿಂದ ಸರ್ಜಾಪುರದ ಕಡೆ ಹೋಗುವವರಿಗೆ ವರ್ತೂರು ಕೋಡಿ. ನಿಮ್ಮ ದಾರಿಯಲ್ಲಿ ಇವುಗಳಲ್ಲಿ ಒಂದೂ ಇಲ್ಲದಿದ್ದರೆ 20 ಕಿಲೋಮೀಟರ್ ಕೂಡ ಆರಾಮ. ಎರಡು ಇದ್ದರೆ 12 ಕಿಲೋಮೀಟರೂ ಕಷ್ಟ.

ಹಾಗಾಗಿ ಯಾವ ದಿಕ್ಕು ಅನ್ನುವುದು ದೊಡ್ಡ ಪ್ರಶ್ನೆ. ಅತ್ತಿಬೆಲೆಯಲ್ಲಿ ಮನೆ, ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸ ಅಂದರೆ ನೀವು ಸಿಲ್ಕ್ ಬೋರ್ಡ್ ಮುಟ್ಟುವುದೇ ಇಲ್ಲ. ದೇವನಹಳ್ಳಿಯಲ್ಲಿ ಮನೆ, ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸ ಅಂದರೆ ದಿನಾ ಇಡೀ ಊರನ್ನು ಎರಡು ಸಲ ಸೀಳಿಕೊಂಡು ಹೋಗಬೇಕು. ಪೀಣ್ಯದಲ್ಲಿ ಕೆಲಸ ಮಾಡುವವರಿಗೆ ನೆಲಮಂಗಲ ಒಳ್ಳೆಯ ಜಾಗ. ಅದೇ ನೆಲಮಂಗಲ ಮಾರತ್ತಹಳ್ಳಿಗೆ ಹೋಗುವವರಿಗೆ ಶಿಕ್ಷೆ.

ಪರೀಕ್ಷೆ ಮಾಡುವುದು ಹೀಗೆ. ಗೂಗಲ್ ಮ್ಯಾಪ್ಸ್‌ನಲ್ಲಿ ಸೈಟಿನಿಂದ ಆಫೀಸಿಗೆ ದಾರಿ ಹಾಕಿ. ಈಗ ಹೊರಡುತ್ತೇನೆ ಅನ್ನುವುದನ್ನು ಬಿಟ್ಟು, ಮುಂದಿನ ಮಂಗಳವಾರ ಬೆಳಿಗ್ಗೆ 9:30ಕ್ಕೆ ತಲುಪಬೇಕು ಅಂತ ಸಮಯ ಕೊಡಿ. ಅದು "1 ಗಂಟೆ 10 ನಿಮಿಷದಿಂದ 1 ಗಂಟೆ 50 ನಿಮಿಷ" ಅನ್ನುವ ಹಾಗೆ ಎರಡು ಅಂಕಿ ತೋರಿಸುತ್ತದೆ. ದೊಡ್ಡದನ್ನೇ ಬರೆದುಕೊಳ್ಳಿ. ಸಂಜೆ 6:15ಕ್ಕೆ ವಾಪಸ್ ಹೊರಟರೆ ಎಷ್ಟು ಅಂತಲೂ ನೋಡಿ. ಬೆಳಿಗ್ಗೆಗಿಂತ ಸಂಜೆಯೇ ಜಾಸ್ತಿ ಇರುವ ರಸ್ತೆಗಳು ಎಷ್ಟೋ ಇವೆ.

ಆಮೇಲೆ ನಿಜವಾಗಿ ಹೋಗಿ. ಕೆಲಸದ ದಿನ ಒಂದು ರಜೆ ಹಾಕಿ, ಬೆಳಿಗ್ಗೆ ಎಂಟಕ್ಕೆ ಸೈಟಿನ ಮುಂದೆ ನಿಂತು ಅಲ್ಲಿಂದ ಆಫೀಸಿಗೆ ಹೊರಡಿ. ಮಳೆ ಬಂದ ಸಂಜೆ ಇನ್ನೊಮ್ಮೆ ಹೋಗಿ ಬನ್ನಿ. ಹಬ್ಬದ ಹಿಂದಿನ ಶುಕ್ರವಾರ ಸಂಜೆಯೂ ಒಂದು ಸಲ ನೋಡಿದರೆ ಒಳ್ಳೆಯದು. ಗೌರಿ ಗಣೇಶ, ದಸರಾ, ಯುಗಾದಿಗೆ ಊರೆಲ್ಲ ಊರಿಗೆ ಹೊರಡುತ್ತದೆ. ಆ ಸಂಜೆ ಗೊರಗುಂಟೆಪಾಳ್ಯದಿಂದ ನೆಲಮಂಗಲದವರೆಗೆ, ಅತ್ತ ಮೈಸೂರು ರಸ್ತೆಯಲ್ಲಿ ಕೆಂಗೇರಿವರೆಗೆ ಮನೆ ಸೇರುವವರು ಬಸ್ಸುಗಳ ಮಧ್ಯೆ ಸಿಕ್ಕಿಕೊಳ್ಳುತ್ತಾರೆ. ಅಂಚಿನಲ್ಲಿ ಮನೆ ಮಾಡಿದವರಿಗೆ ಇದು ಉಚಿತ ಕೊಡುಗೆ.

ಮುಖ್ಯರಸ್ತೆಯಿಂದ ಲೇಔಟಿನ ಒಳಗೆ ಹೋಗುವ ಕೊನೆಯ ಎರಡು ಮೂರು ಕಿಲೋಮೀಟರನ್ನೂ ಮರೆಯಬೇಡಿ. ಹಳ್ಳಿಯ ಮಧ್ಯೆ ಹಾದು ಹೋಗುವ, ಒಂದು ಟ್ರ್ಯಾಕ್ಟರ್ ಎದುರು ಬಂದರೆ ಒಬ್ಬರು ಹಿಂದೆ ಸರಿಯಬೇಕಾದ ರಸ್ತೆ ಎಷ್ಟೋ ಕಡೆ ಇರುತ್ತದೆ. ಲೇಔಟಿನ ಒಳಗೆ 40 ಅಡಿ ಟಾರು ರಸ್ತೆ, ಲೇಔಟ್ ಮುಟ್ಟಲು 15 ಅಡಿ ಓಣಿ. ಐನೂರು ಸೈಟಿನಲ್ಲಿ ಐನೂರು ಮನೆ ಎದ್ದ ಮೇಲೆ ಆ ಓಣಿಯ ಗತಿ ಏನು ಅಂತ ಯೋಚಿಸಿ.

ಇವತ್ತು ಓಡುವ ರೈಲು, ನಾಳೆ ಓಡುವ ರೈಲು

ಮೆಟ್ರೊ ವಿಷಯದಲ್ಲಿ ನನ್ನದು ಒಂದೇ ನಿಯಮ: ಇವತ್ತು ಟಿಕೆಟ್ ಕೊಡುವ ಸ್ಟೇಷನ್ನಿಗೆ ಮಾತ್ರ ಬೆಲೆ ಕೊಡಿ. ನೇರಳೆ ಮಾರ್ಗ 2023ರ ಅಕ್ಟೋಬರ್‌ನಿಂದ ವೈಟ್‌ಫೀಲ್ಡಿನಿಂದ ಚಲ್ಲಘಟ್ಟದವರೆಗೆ ಪೂರ್ತಿ ಓಡುತ್ತಿದೆ. ಹಸಿರು ಮಾರ್ಗ ದಕ್ಷಿಣದಲ್ಲಿ ರೇಷ್ಮೆ ಸಂಸ್ಥೆಯವರೆಗೆ, ಉತ್ತರದಲ್ಲಿ 2024ರ ನವೆಂಬರ್‌ನಿಂದ ಮಾದಾವರದವರೆಗೆ ಇದೆ. ಹಳದಿ ಮಾರ್ಗ ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರಕ್ಕೆ 2025ರ ಆಗಸ್ಟ್‌ನಲ್ಲಿ ಶುರುವಾಯಿತು. ಚಂದಾಪುರ, ಆನೇಕಲ್ ಕಡೆಯವರಿಗೆ ಇದರಿಂದ ಆದ ಅನುಕೂಲ ಸಣ್ಣದಲ್ಲ. ಕೊನೆಯ ಸ್ಟೇಷನ್ನಿನಿಂದ ಮೂರು ನಾಲ್ಕು ಕಿಲೋಮೀಟರ್ ಒಳಗಿನ ಸೈಟು, ಸ್ಟೇಷನ್ನಿನಲ್ಲಿ ಸ್ಕೂಟರ್ ನಿಲ್ಲಿಸಲು ಜಾಗ, ಇಷ್ಟಿದ್ದರೆ ಟ್ರಾಫಿಕ್ಕಿನ ಅರ್ಧ ತಲೆನೋವು ಕಳೆಯಿತು. 2025ರ ಫೆಬ್ರುವರಿಯ ದರ ಏರಿಕೆಯಲ್ಲಿ ಮೆಟ್ರೊದ ಗರಿಷ್ಠ ದರ 90 ರೂಪಾಯಿ ಆಯಿತು. ಆ ದರದಲ್ಲಿ ದಿನಾ ತುದಿಯಿಂದ ತುದಿಗೆ ಹೋಗಿ ಬಂದರೂ ತಿಂಗಳ 22 ಕೆಲಸದ ದಿನಕ್ಕೆ 3,960 ರೂಪಾಯಿ.

ಮುಂದೆ ಬರುತ್ತದೆ ಅನ್ನುವುದಕ್ಕೆ ಮಾತ್ರ ದುಡ್ಡು ಕಟ್ಟಬೇಡಿ. ಉಪನಗರ ರೈಲು ನಾಲ್ಕು ಕಾರಿಡಾರ್, 148 ಕಿಲೋಮೀಟರ್ ಅಂತ 2022ರ ಜೂನ್‌ನಲ್ಲಿ ಶಂಕುಸ್ಥಾಪನೆ ಆಯಿತು. ಅದರ ನಕ್ಷೆ ತೋರಿಸಿ ಸೈಟ್ ಮಾರುವುದು ಅದಕ್ಕಿಂತ ಎಷ್ಟೋ ವರ್ಷ ಹಿಂದೆಯೇ ಶುರುವಾಗಿತ್ತು! ತುಮಕೂರು ರಸ್ತೆಯಿಂದ ಹೊಸೂರು ರಸ್ತೆಗೆ ಸುತ್ತು ಹಾಕುವ 73 ಕಿಲೋಮೀಟರಿನ ಪೆರಿಫೆರಲ್ ರಿಂಗ್ ರೋಡ್ ಎರಡು ದಶಕದ ಮಾತು. ಹೆಸರು ಬಿಸಿನೆಸ್ ಕಾರಿಡಾರ್ ಅಂತ ಬದಲಾಗಿದೆ. ಇದರಲ್ಲಿ ಇನ್ನೊಂದು ಅಪಾಯವೂ ಇದೆ. ರಸ್ತೆ ಹಾದು ಹೋಗುವ ಜಮೀನಿನಲ್ಲೇ ನಿಮ್ಮ ಸೈಟ್ ಇದ್ದರೆ ಅದು ಭೂಸ್ವಾಧೀನಕ್ಕೆ ಹೋಗುತ್ತದೆ. ಸರ್ವೆ ನಂಬರ್ ಅಧಿಸೂಚನೆಯಲ್ಲಿದೆಯಾ ಅಂತ ಮೊದಲೇ ನೋಡಿಕೊಳ್ಳಿ.

ಜನ ಮರೆಯುವುದು ಈಗಾಗಲೇ ಇರುವ ರೈಲನ್ನು. ಬಿಡದಿ, ಹೀಲಲಿಗೆ, ವೈಟ್‌ಫೀಲ್ಡ್, ದೊಡ್ಡಬಳ್ಳಾಪುರಗಳಲ್ಲಿ ರೈಲ್ವೆ ಸ್ಟೇಷನ್ ಇದೆ. ಮೆಮು ರೈಲಿನ ಸಮಯ ನಿಮ್ಮ ಆಫೀಸಿನ ಸಮಯಕ್ಕೆ ಹೊಂದಿದರೆ ಅದಕ್ಕಿಂತ ಅಗ್ಗದ ದಾರಿ ಇಲ್ಲ. ಬಿಎಂಟಿಸಿ ವಿಷಯದಲ್ಲಿ ಎರಡೇ ಪ್ರಶ್ನೆ ಕೇಳಿ: ರಾತ್ರಿ ಕೊನೆಯ ಬಸ್ಸು ಎಷ್ಟು ಗಂಟೆಗೆ, ಒಂದು ಬಸ್ಸು ತಪ್ಪಿದರೆ ಮುಂದಿನದು ಎಷ್ಟು ಹೊತ್ತಿಗೆ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಸಾಮಾನ್ಯ ಬಸ್ಸು ಉಚಿತ. ಮನೆಯ ಹತ್ತಿರ ಬಸ್ ಸ್ಟಾಪ್ ಇದೆಯಾ ಅನ್ನುವುದಕ್ಕೆ ಹಾಗಾಗಿ ತಿಂಗಳ ಖರ್ಚಿನಲ್ಲೂ ಬೆಲೆ ಇದೆ.

ಟೋಲನ್ನೂ ಲೆಕ್ಕಕ್ಕೆ ಸೇರಿಸಿ. ನೈಸ್ ರಸ್ತೆಯಲ್ಲಿ ಬೈಕಿಗೂ ಟೋಲ್ ಇದೆ. ಏರ್‌ಪೋರ್ಟ್ ದಾರಿಯಲ್ಲಿ ಸಾದಹಳ್ಳಿ, ಮೈಸೂರು ಹೆದ್ದಾರಿಯಲ್ಲಿ ಕಣಿಮಿಣಿಕೆ ಬರುತ್ತದೆ. ಸೈಟು ಟೋಲ್ ಗೇಟಿನ ಈಚೆ ಇದೆಯಾ ಆಚೆ ಇದೆಯಾ ನೋಡಿ. ಅರ್ಧ ಕಿಲೋಮೀಟರಿನಲ್ಲಿ ವ್ಯತ್ಯಾಸ ಆಗುತ್ತದೆ.

ಹಂತ 3: ನೀರು

ಉಳಿದ ಅನುಕೂಲಗಳನ್ನೆಲ್ಲ ಒಂದು ಕಡೆ ಇಟ್ಟು ನೀರನ್ನು ಬೇರೆಯಾಗಿ ನೋಡಬೇಕು. ಶಾಲೆ ದೂರ ಇದ್ದರೆ ವ್ಯಾನ್ ಬರುತ್ತದೆ, ಅಂಗಡಿ ಇಲ್ಲದಿದ್ದರೆ ಡೆಲಿವರಿ ಹುಡುಗ ಬರುತ್ತಾನೆ. ಬೋರ್‌ವೆಲ್ ಬತ್ತಿದರೆ ಬರುವುದು ಟ್ಯಾಂಕರ್ ಮಾತ್ರ. ಅದೂ ಅವನಿಗೆ ಪುರುಸೊತ್ತಾದಾಗ.

ಬೆಂಗಳೂರಿನ ಸುತ್ತ ಎರಡು ಬಗೆಯ ಜಾಗಗಳಿವೆ. ಒಂದು, ಕಾವೇರಿ ಪೈಪು ಬಂದಿರುವ ಜಾಗ. 2007ರಲ್ಲಿ ಪಾಲಿಕೆಗೆ ಸೇರಿದ 110 ಹಳ್ಳಿಗಳಿಗೆ ಅಂತಲೇ ಕಾವೇರಿ ಐದನೇ ಹಂತ 2024ರ ಅಕ್ಟೋಬರ್‌ನಲ್ಲಿ ಉದ್ಘಾಟನೆ ಆಯಿತು. ದಿನಕ್ಕೆ 775 ದಶಲಕ್ಷ ಲೀಟರ್ ಅದರ ಸಾಮರ್ಥ್ಯ. ಆ ಹಳ್ಳಿಗಳ ಪಟ್ಟಿಯಲ್ಲಿ ನಿಮ್ಮ ಜಾಗ ಇದೆಯಾ ನೋಡಿ. ಇದ್ದರೂ ನಿಮ್ಮ ಬೀದಿಗೆ ಪೈಪು ಬಂದಿದೆಯಾ, ಪಕ್ಕದ ಮನೆಯ ನಲ್ಲಿಯಲ್ಲಿ ನೀರು ಬರುತ್ತಿದೆಯಾ ಅನ್ನುವುದು ಬೇರೆ ಪ್ರಶ್ನೆ. ಎರಡು, ಅದರಾಚೆಗಿನ ಗ್ರಾಮ ಪಂಚಾಯಿತಿ, ಪುರಸಭೆ ವ್ಯಾಪ್ತಿಯ ಜಾಗ. ಅಲ್ಲಿ ಹೆಚ್ಚಾಗಿ ಬೋರ್‌ವೆಲ್ಲೇ ಆಧಾರ.

ಇದನ್ನು ಮಾರುವವರ ಹತ್ತಿರ ಕೇಳಬೇಡಿ. "ನೀರಿಗೇನು ಸಾರ್, ಮುನ್ನೂರು ಅಡಿಗೆ ಸಮುದ್ರ ಇದೆ" ಅನ್ನುತ್ತಾರೆ. ಲೇಔಟಿನ ಪಕ್ಕದ ಕಿರಾಣಿ ಅಂಗಡಿಯಲ್ಲಿ ಒಂದು ಸೋಡ ಕುಡಿಯುತ್ತಾ ಕೇಳಿ: "ಅಣ್ಣಾ, ಇಲ್ಲಿ ಬೇಸಿಗೆಯಲ್ಲಿ ನೀರು ಹೇಗೆ?" ಮನೆ ಕಟ್ಟಿಕೊಂಡು ನಾಲ್ಕೈದು ವರ್ಷ ಆದವರ ಗೇಟ್ ತಟ್ಟಿ, ಆ ಮನೆಯ ಅಕ್ಕನನ್ನು ಕೇಳಿ: "ಈಚೆಗೆ ಬೋರ್ ಎಷ್ಟು ಅಡಿ ಹೊಡೆಸಿದಿರಿ? ಮೊದಲನೇ ಬೋರ್ ಏನಾಯಿತು?" ಎರಡನೇ ಪ್ರಶ್ನೆ ಮುಖ್ಯ. ರಸ್ತೆಯ ಮೇಲೂ ಗುರುತು ಇರುತ್ತದೆ. ಬೆಳಿಗ್ಗೆ ಏಳರ ಹೊತ್ತಿಗೆ ಹೋದರೆ ಟ್ಯಾಂಕರ್ ನಿಂತು ಸಂಪಿಗೆ ಪೈಪ್ ಇಳಿಬಿಟ್ಟಿರುತ್ತದೆ. ಒಂದೇ ಬೀದಿಯಲ್ಲಿ ಎರಡು ಮೂರು ಮನೆಯ ಮುಂದೆ ಚಕ್ರದ ಗುರುತು, ನೀರು ಸೋರಿದ ಕಲೆ ಕಂಡರೆ ಉತ್ತರ ಸಿಕ್ಕಿತು.

ಲೆಕ್ಕ ಹೀಗೆ. ನಗರದಲ್ಲಿ ಒಬ್ಬರಿಗೆ ದಿನಕ್ಕೆ 135 ಲೀಟರ್ ಬೇಕು ಅನ್ನುವುದು ಸರ್ಕಾರಿ ಅಳತೆ. ನಾಲ್ಕು ಜನರಿಗೆ 540 ಲೀಟರ್, ತಿಂಗಳಿಗೆ 16,000 ಲೀಟರ್ ಆಸುಪಾಸು. ಅಂದರೆ 6,000 ಲೀಟರಿನ ಮೂರು ಟ್ಯಾಂಕರ್. 2024ರ ಬೇಸಿಗೆಯಲ್ಲಿ ನೀರಿಗೆ ಹಾಹಾಕಾರ ಎದ್ದಾಗ ಬೆಂಗಳೂರು ಜಿಲ್ಲಾಡಳಿತ 5 ಕಿಲೋಮೀಟರ್ ಒಳಗೆ 6,000 ಲೀಟರ್ ಟ್ಯಾಂಕರಿಗೆ 600 ರೂಪಾಯಿ, 12,000 ಲೀಟರಿಗೆ 1,000 ರೂಪಾಯಿ ದರ ಕಟ್ಟಿತು. ಅದಕ್ಕೆ ಮುಂಚೆ ಜನ ಎರಡು ಮೂರು ಪಟ್ಟು ಕೊಟ್ಟಿದ್ದರು. ದೊಡ್ಡ ಸೈಟಿನಲ್ಲಿ ತೋಟ ಮಾಡುವ ಆಸೆ ಇದ್ದರೆ ಈ ಲೆಕ್ಕಕ್ಕೆ ಗಿಡದ ನೀರನ್ನೂ ಸೇರಿಸಿ. ಟ್ಯಾಂಕರ್ ನೀರಿನಲ್ಲಿ ಮಲ್ಲಿಗೆ ಬಳ್ಳಿ ಬೆಳೆಸಿದರೆ ಹೂವು ಮಾರ್ಕೆಟ್ಟಿನಲ್ಲೇ ಕೊಂಡಿದ್ದರೆ ಆಗುತ್ತಿತ್ತು ಅನ್ನಿಸುತ್ತದೆ.

ನೀರು ಬರದಿರುವ ಸಮಸ್ಯೆಯ ಹಾಗೇ ನೀರು ನುಗ್ಗುವ ಸಮಸ್ಯೆಯೂ ಇದೆ. 2022ರ ಸೆಪ್ಟೆಂಬರ್ ಮಳೆಯಲ್ಲಿ ಬೆಳ್ಳಂದೂರು, ಯಮಲೂರು, ಸರ್ಜಾಪುರ ರಸ್ತೆಯ ಕೋಟಿ ಬೆಲೆಯ ಮನೆಗಳಿಂದ ಜನರನ್ನು ದೋಣಿ, ಟ್ರ್ಯಾಕ್ಟರುಗಳಲ್ಲಿ ಹೊರಗೆ ತಂದರು. ಸೈಟ್ ನೋಡುವಾಗ ಅಕ್ಕಪಕ್ಕದ ಕಾಂಪೌಂಡ್ ಗೋಡೆ ನೋಡಿ. ಬುಡದಿಂದ ಒಂದಡಿ ಎರಡಡಿ ಮೇಲೆ ಕಂದು ಗೆರೆ ಇದ್ದರೆ ಅದು ನೀರು ನಿಂತ ಗುರುತು. ಗೇಟಿನ ಕೆಳಗೆ ಹೊಸದಾಗಿ ಕಟ್ಟಿದ ಮೊಣಕಾಲೆತ್ತರದ ಕಟ್ಟೆ, ರಸ್ತೆಗಿಂತ ವಿಪರೀತ ಎತ್ತರಿಸಿದ ಪಾಯ ಕಂಡರೂ ಕಾರಣ ಕೇಳಿ. ಕಂದಾಯ ಇಲಾಖೆಯ ದಿಶಾಂಕ್ ಆ್ಯಪ್ ಹಾಕಿಕೊಂಡು ಸೈಟಿನ ಮೇಲೆ ನಿಂತರೆ ಯಾವ ಸರ್ವೆ ನಂಬರಿನಲ್ಲಿದ್ದೀರಿ, ಪಕ್ಕದಲ್ಲಿ ಕೆರೆ ಇದೆಯಾ, ರಾಜಕಾಲುವೆ ಎಲ್ಲಿ ಹರಿಯುತ್ತದೆ ಅಂತ ಕಾಣುತ್ತದೆ. 2015ರ ಮಾಸ್ಟರ್ ಪ್ಲಾನ್ ಪ್ರಕಾರ ರಾಜಕಾಲುವೆಯ ದರ್ಜೆ ನೋಡಿ ನಡುವಿನಿಂದ 50, 25 ಅಥವಾ 15 ಮೀಟರ್ ಬಫರ್, ಅಂದರೆ ಏನೂ ಕಟ್ಟದ ಖಾಲಿ ಜಾಗ, ಬಿಡಬೇಕು. ಅದರೊಳಗೆ ಬಂದ ಸೈಟು ಎಷ್ಟು ಅಗ್ಗವಾದರೂ ಬೇಡ.

ಹಂತ 4: ಉಳಿದ ಅನುಕೂಲ

ಇದನ್ನು ಬೇಗ ಮುಗಿಸೋಣ. ಕಾಲ್ನಡಿಗೆಯಲ್ಲಿ ಹತ್ತು ನಿಮಿಷದೊಳಗೆ ಏನಿರಬೇಕು? ಹಾಲು, ತರಕಾರಿ, ಔಷಧಿ ಅಂಗಡಿ. ನಂದಿನಿ ಬೂತ್ ಇರುವ ಜಾಗದಲ್ಲಿ ಜನವಸತಿ ಆಗಲೇ ಇದೆ ಅಂತ ಅರ್ಥ. ವಾಹನದಲ್ಲಿ ಇಪ್ಪತ್ತು ನಿಮಿಷದೊಳಗೆ ಶಾಲೆ ಮತ್ತು ರಾತ್ರಿಯೂ ಡಾಕ್ಟರ್ ಇರುವ ಆಸ್ಪತ್ರೆ. ಆಸ್ಪತ್ರೆಯ ದೂರವನ್ನು ಸಂಜೆ ಆರರ ಟ್ರಾಫಿಕ್ಕಿನಲ್ಲಿ ಅಳೆಯಿರಿ. ಎದೆನೋವು ಹೊತ್ತು ನೋಡಿ ಬರುವುದಿಲ್ಲ.

ಶಾಲೆಗೆ ಫೋನ್ ಮಾಡಿ ವ್ಯಾನ್ ಆ ಲೇಔಟಿನೊಳಗೆ ಬರುತ್ತದಾ, ಮುಖ್ಯರಸ್ತೆಯಲ್ಲೇ ಇಳಿಸುತ್ತದಾ ಕೇಳಿ. ಒಳಚರಂಡಿ ಇದೆಯಾ, ಇಂಗುಗುಂಡಿಯಾ? ಇಂಗುಗುಂಡಿ ಆದರೆ ಅದು ಬೋರ್‌ವೆಲ್ಲಿಗೆ ಎಷ್ಟು ದೂರ? ಕಸದ ಗಾಡಿ ಬರುತ್ತದಾ, ಖಾಲಿ ಸೈಟಿನಲ್ಲಿ ಸುಡುತ್ತಾರಾ? ಇದನ್ನು ಸಂಜೆ ಹೋದರೆ ಮೂಗೇ ಹೇಳುತ್ತದೆ. ಮನೆಯಿಂದ ಕೆಲಸ ಮಾಡುವವರು ಫೈಬರ್ ಇಂಟರ್‌ನೆಟ್ ಬಂದಿದೆಯಾ, ಬೆಸ್ಕಾಂ ಕರೆಂಟ್ ಮಳೆಗಾಲದಲ್ಲಿ ಎಷ್ಟು ಹೊತ್ತು ಹೋಗುತ್ತದೆ ಅಂತ ಕೇಳಲೇಬೇಕು.

ವಯಸ್ಸಾದ ಅಪ್ಪ ಅಮ್ಮ ಜೊತೆಗಿದ್ದರೆ ಇನ್ನೊಂದು ನೋಡಿ. ನೂರು ಸೈಟಿನಲ್ಲಿ ಎಂಟು ಮನೆ ಎದ್ದಿರುವ ಲೇಔಟ್ ಹಗಲು ಹೊತ್ತು ಬಿಕೋ ಅನ್ನುತ್ತದೆ. ಮಕ್ಕಳು ಆಫೀಸಿಗೆ ಹೋದ ಮೇಲೆ ಅವರಿಗೆ ಮಾತಾಡಲು ಒಂದು ಜನ ಇರುವುದಿಲ್ಲ. ಕಾಲು ಭಾಗವಾದರೂ ಮನೆ ಎದ್ದಿರುವ ಬೀದಿ ಹುಡುಕಿ, ಬೆಲೆ ಸ್ವಲ್ಪ ಜಾಸ್ತಿ ಆದರೂ ಪರವಾಗಿಲ್ಲ.

ಹಂತ 5: ಈಗ ಅಳತೆ

ಮೊದಲ ನಾಲ್ಕು ಹಂತದಲ್ಲಿ ಉಳಿದ ಜಾಗಗಳು ಎರಡೋ ಮೂರೋ ಇರಬಹುದು. ಈಗ ಅಳತೆಗೆ ಬನ್ನಿ.

ನಮ್ಮಲ್ಲಿ ಸಾಮಾನ್ಯವಾಗಿ ಸಿಗುವುದು 20×30, 30×40, 30×50, 40×60. ಚದರಡಿಯಲ್ಲಿ 600, 1200, 1500, 2400. ಇನ್ನೂ ಆಚೆ ಹೋದರೆ ಗುಂಟೆ ಲೆಕ್ಕ ಶುರುವಾಗುತ್ತದೆ. ಒಂದು ಗುಂಟೆಗೆ 1,089 ಚದರಡಿ, ನಲವತ್ತು ಗುಂಟೆಗೆ ಒಂದು ಎಕರೆ. ಗುಂಟೆ ಲೆಕ್ಕದಲ್ಲಿ ಮಾರುವ ಜಾಗ ಕೃಷಿ ಜಮೀನೇ ಆಗಿರುವ ಸಂಭವ ಹೆಚ್ಚು, ಅಲ್ಲಿ ಮನೆ ಕಟ್ಟುವ ಮಾತು ಬೇರೆ.

ಸೈಟಿನ ಅಳತೆ ಮನೆಯ ಅಳತೆ ಅಲ್ಲ. ಸುತ್ತ ಸೆಟ್‌ಬ್ಯಾಕ್ ಬಿಡಬೇಕು. ಲೆಕ್ಕಕ್ಕೆ 30×40 ಸೈಟಿನಲ್ಲಿ ನಾಲ್ಕೂ ಕಡೆ ಮೂರು ಮೂರು ಅಡಿ ಬಿಟ್ಟಿರಿ ಅನ್ನಿ. ಉಳಿಯುವುದು 24×34, ಅಂದರೆ 816 ಚದರಡಿ. ಮೇಸ್ತ್ರಿ ಭಾಷೆಯಲ್ಲಿ ನೂರು ಚದರಡಿಗೆ ಒಂದು ಚದರ, ಹಾಗಾಗಿ ಎಂಟು ಚದರ ಚಿಲ್ಲರೆ. ಎರಡು ಅಂತಸ್ತು ಹಾಕಿದರೆ ಹದಿನಾರು ಚದರ. ಅದರಲ್ಲಿ ಮೂರು ರೂಮು, ಹಾಲು, ಅಡುಗೆಮನೆ, ಪೂಜೆಗೆ ಜಾಗ, ಮೆಟ್ಟಿಲು, ಒಂದು ಕಾರು ನಿಲ್ಲಿಸುವ ಪೋರ್ಟಿಕೊ ಎಲ್ಲ ಬರುತ್ತದೆ. ನಾಲ್ಕೈದು ಜನರ ಸಂಸಾರಕ್ಕೆ ಸಾಕು. 40×60ರಲ್ಲಿ ಐದೈದು ಅಡಿ ಬಿಟ್ಟರೂ 30×50 ಉಳಿಯುತ್ತದೆ. ಹದಿನೈದು ಚದರ, ಎಲ್ಲ ಒಂದೇ ಅಂತಸ್ತಿನಲ್ಲಿ.

ಈ "ಒಂದೇ ಅಂತಸ್ತು" ಅನ್ನುವುದರಲ್ಲಿ 40×60ರ ನಿಜವಾದ ಲಾಭ ಇದೆ. ಮಂಡಿನೋವಿನ ಅಮ್ಮ ಮೆಟ್ಟಿಲು ಹತ್ತುವುದು ತಪ್ಪುತ್ತದೆ. ಹಿಂದೆ ಒಂದು ತೆಂಗು, ಒಂದು ಕರಿಬೇವು, ಬಟ್ಟೆ ಒಣಹಾಕಲು ಬಿಸಿಲು, ಎರಡು ಕಾರು. ನಿವೃತ್ತರಾದವರು, ದಿನಾ ಓಡಾಟ ಇಲ್ಲದವರು ಖಂಡಿತ ಇದಕ್ಕೆ ಹೋಗಬಹುದು. ಅವರ ಲೆಕ್ಕದಲ್ಲಿ ಟ್ರಾಫಿಕ್ಕಿಗೆ ತೂಕ ಕಡಿಮೆ, ಆಸ್ಪತ್ರೆಗೆ ಜಾಸ್ತಿ.

ದೊಡ್ಡ ಸೈಟಿಗೆ ದೊಡ್ಡ ಖರ್ಚೂ ಇದೆ. ಕಾಂಪೌಂಡ್ ಗೋಡೆ 140 ಅಡಿಯ ಬದಲು 200 ಅಡಿ ಕಟ್ಟಬೇಕು. ಜಾಗ ಇದೆಯಲ್ಲ ಅಂತ ಮನೆಯೂ ಬೆಳೆಯುತ್ತದೆ: ಒಂದು ಆಫೀಸ್ ರೂಮು, ಒಂದು ಗೆಸ್ಟ್ ರೂಮು, ಹೋಮ್ ಥಿಯೇಟರ್. ಪ್ರತಿ ಚದರಕ್ಕೂ ದುಡ್ಡು. ಕಟ್ಟದೆ ಬಿಟ್ಟರೆ ಮಳೆಗಾಲದಲ್ಲಿ ಪಾರ್ಥೇನಿಯಂ ಆಳೆತ್ತರ ಬೆಳೆದು ಹಾವು ಸೇರುತ್ತದೆ, ಅಕ್ಕಪಕ್ಕದವರು ಕಟ್ಟಡದ ಅವಶೇಷ ತಂದು ಸುರಿಯುತ್ತಾರೆ.

ಅಳತೆಯನ್ನು ಟೇಪ್ ಹಿಡಿದು ನೀವೇ ನೋಡಿ. ನಾಲ್ಕು ಬದಿ ಅಳೆದರೆ ಸಾಲದು, ಮೂಲೆಯಿಂದ ಮೂಲೆಗೂ ಅಳೆಯಿರಿ. 30×40 ಸೈಟು ಸರಿಯಾಗಿ ಮೂಲೆಮಟ್ಟ ಇದ್ದರೆ ಎರಡೂ ಕರ್ಣ ಕರಾರುವಾಕ್ಕಾಗಿ 50 ಅಡಿ ಬರುತ್ತದೆ. ಒಂದು 51, ಇನ್ನೊಂದು 49 ಬಂದರೆ ಸೈಟು ಓರೆ ಇದೆ. 40×60ಕ್ಕೆ 72 ಅಡಿ 1 ಇಂಚು. ಕಲ್ಲು ನೆಟ್ಟಿರುವ ಜಾಗವೇ ಪತ್ರದ ಚಕ್ಕುಬಂದಿಗೆ ಹೊಂದುತ್ತದಾ ಅಂತಲೂ ನೋಡಿ. ಪೂರ್ವಕ್ಕೆ ಇಷ್ಟನೇ ನಂಬರ್ ಸೈಟು, ಪಶ್ಚಿಮಕ್ಕೆ ರಸ್ತೆ ಅಂತ ಬರೆದದ್ದು ನೆಲದ ಮೇಲೂ ಹಾಗೇ ಇರಬೇಕು. ರಸ್ತೆಯ ಅಗಲವನ್ನೂ ಚರಂಡಿಯಿಂದ ಚರಂಡಿಗೆ ಅಳೆಯಿರಿ. 30 ಅಡಿ ರಸ್ತೆ ಅಂತ ಹೇಳಿದ್ದು ಟೇಪಿನಲ್ಲಿ 24 ಬರುವುದುಂಟು.

ಮೂಲೆ ಸೈಟಿಗೆ ಜಾಸ್ತಿ ಕೇಳುತ್ತಾರೆ. ಗಾಳಿ ಬೆಳಕು ಚೆನ್ನಾಗಿರುತ್ತದೆ ನಿಜ. ಆದರೆ ಎರಡು ಕಡೆ ರಸ್ತೆ ಅಂದರೆ ಎರಡು ಕಡೆ ದೂಳು, ಹಾರ್ನ್. ಬೀದಿಕುತ್ತು ಇರುವ, ಅಂದರೆ ಎದುರಿನ ರಸ್ತೆ ನೇರವಾಗಿ ಬಂದು ಮುಟ್ಟುವ ಸೈಟನ್ನು ವಾಸ್ತು ನೋಡುವವರು ಬೇಡ ಅನ್ನುತ್ತಾರೆ. ವಾಸ್ತು ನಂಬದವರಿಗೂ ರಾತ್ರಿ ಎದುರಿನ ಗಾಡಿಗಳ ಹೆಡ್‌ಲೈಟ್ ಸೀದಾ ಹಾಲಿನೊಳಗೆ ಬಡಿಯುತ್ತದೆ, ಮಾರುವಾಗ ಗಿರಾಕಿ ಕಡಿಮೆ. ಆ ಕಾರಣಕ್ಕೆ ಬೆಲೆ ಇಳಿಸಿ ಕೊಟ್ಟರೆ ಮಾತ್ರ ಯೋಚಿಸಿ.

1200 ಚದರಡಿ ಮತ್ತು ಅದಕ್ಕಿಂತ ದೊಡ್ಡ ಸೈಟಿನಲ್ಲಿ ಹೊಸ ಮನೆ ಕಟ್ಟಿದರೆ ಜಲಮಂಡಳಿ ವ್ಯಾಪ್ತಿಯಲ್ಲಿ ಮಳೆನೀರು ಕೊಯ್ಲು ಕಡ್ಡಾಯ. ವ್ಯಾಪ್ತಿಯ ಹೊರಗಿದ್ದರೂ ಮಾಡಿಸಿ. ಸಂಪು ಕಟ್ಟುವಾಗಲೇ ಸೇರಿಸಿದರೆ ಖರ್ಚು ಕಡಿಮೆ.

ಹಂತ 6: ಪತ್ರಗಳು, ಚುಟುಕಾಗಿ

ವಕೀಲರಿಗೆ ತೋರಿಸದೆ ಅಡ್ವಾನ್ಸ್ ಕೊಡಬೇಡಿ. ಅವರ ಹತ್ತಿರ ಹೋಗುವ ಮುಂಚೆ ನೀವೇ ನೋಡಬಹುದಾದ್ದು ಇಷ್ಟು. ಕೃಷಿ ಜಮೀನಿನಿಂದ ಭೂ ಪರಿವರ್ತನೆ ಆಗಿದೆಯಾ. ಲೇಔಟ್ ನಕ್ಷೆಗೆ ಆ ಭಾಗದ ಯೋಜನಾ ಪ್ರಾಧಿಕಾರದ ಅನುಮೋದನೆ ಇದೆಯಾ. ಎ ಖಾತಾನಾ (ನಿಯಮಬದ್ಧ ಆಸ್ತಿಯ ದಾಖಲೆ), ಬಿ ಖಾತಾನಾ (ಅನುಮೋದನೆ ಪೂರ್ತಿ ಇಲ್ಲದ ಆಸ್ತಿಯದ್ದು). ಪಂಚಾಯಿತಿ ಆದರೆ ಅದು ಕೊಡುವ ಆಸ್ತಿ ದಾಖಲೆಗಳಾದ ನಮೂನೆ 9 ಮತ್ತು 11 ಇದೆಯಾ. 2024ರ ಅಕ್ಟೋಬರ್‌ನಿಂದ ನೋಂದಣಿಗೆ ಇ-ಖಾತಾ (ಖಾತೆಯ ಡಿಜಿಟಲ್ ರೂಪ) ಕಡ್ಡಾಯ. ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿ ಇಸಿ (ಋಣಭಾರ ಪ್ರಮಾಣಪತ್ರ) ತೆಗೆಸಿ. 500 ಚದರ ಮೀಟರಿಗಿಂತ ದೊಡ್ಡ ಲೇಔಟ್ ಆದರೆ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿ ಇರಬೇಕು, ನಂಬರನ್ನು ರೇರಾ ಜಾಲತಾಣದಲ್ಲೇ ಹಾಕಿ ನೋಡಿ. ಬೋರ್ಡಿನ ಮೇಲೆ ಬರೆದಿದ್ದರೆ ಸಾಲದು.

ಬಜೆಟ್ ಹಾಕುವಾಗ ನೋಂದಣಿ ಖರ್ಚು ಮರೆಯಬೇಡಿ. ಮುದ್ರಾಂಕ ಶುಲ್ಕ, ಸೆಸ್, ಸರ್ಚಾರ್ಜ್ ಸೇರಿ ಶೇ 5.6 ಆಸುಪಾಸು. ನೋಂದಣಿ ಶುಲ್ಕ 2025ರ ಆಗಸ್ಟ್ ಕೊನೆಯಿಂದ ಶೇ 2 ಆಗಿದೆ. ಒಟ್ಟು ಶೇ 7.6. ಐವತ್ತು ಲಕ್ಷದ ಸೈಟಿಗೆ 3 ಲಕ್ಷ 80 ಸಾವಿರ.

ಹಂತ 7: ಎರಡು ಜಾಗಗಳನ್ನು ಒಂದೇ ಹಾಳೆಯಲ್ಲಿ ಇಡಿ

ಒಂದು ಉದಾಹರಣೆ ನೋಡೋಣ. ಒಂದೇ ಬೆಲೆಗೆ ಎರಡು ಸೈಟ್ ಸಿಗುತ್ತಿವೆ ಅಂದುಕೊಳ್ಳಿ. ಮೊದಲನೆಯದು 40×60, ಆಫೀಸಿಗೆ 35 ಕಿಲೋಮೀಟರ್, ಕಾರಿನಲ್ಲೇ ಹೋಗಬೇಕು, ನೀರು ಟ್ಯಾಂಕರ್. ಎರಡನೆಯದು 30×40, ಮೆಟ್ರೊ ಸ್ಟೇಷನ್ನಿಗೆ ಮೂರು ಕಿಲೋಮೀಟರ್, ಕಾವೇರಿ ನೀರು ಬರುತ್ತದೆ.

ಮೊದಲನೆಯದಕ್ಕೆ ದಿನಕ್ಕೆ 70 ಕಿಲೋಮೀಟರ್, 22 ದಿನಕ್ಕೆ 1,540. ಟ್ರಾಫಿಕ್ಕಿನಲ್ಲಿ ಲೀಟರಿಗೆ 12 ಕಿಲೋಮೀಟರ್ ಕೊಡುವ ಕಾರಿಗೆ 128 ಲೀಟರ್ ಪೆಟ್ರೋಲ್ ಬೇಕು. ಲೀಟರಿಗೆ ನೂರರ ಲೆಕ್ಕದಲ್ಲಿ ಹತ್ತಿರ ಹತ್ತಿರ 13,000 ರೂಪಾಯಿ. ಟ್ಯಾಂಕರಿಗೆ 2024ರ ಸರ್ಕಾರಿ ದರದಲ್ಲೇ 1,800. ಹೋಗಿ ಬರಲು ದಿನಕ್ಕೆ ಮೂರೂವರೆ ಗಂಟೆ ಹಿಡಿದರೆ ತಿಂಗಳಿಗೆ 77 ಗಂಟೆ. ಎರಡನೆಯದಕ್ಕೆ ಮೆಟ್ರೊ, ಸ್ಕೂಟರ್ ಪೆಟ್ರೋಲ್, ಪಾರ್ಕಿಂಗ್ ಎಲ್ಲ ಸೇರಿ 5,000 ಅನ್ನಿ. ದಿನಕ್ಕೆ ಎರಡು ಗಂಟೆ, ತಿಂಗಳಿಗೆ 44. ವ್ಯತ್ಯಾಸ ಸುಮಾರು 10,000 ರೂಪಾಯಿ ಮತ್ತು 33 ಗಂಟೆ. ಮೂವತ್ಮೂರು ಗಂಟೆ ಅಂದರೆ ನಾಲ್ಕು ದಿನದ ಡ್ಯೂಟಿ, ಸಂಬಳ ಇಲ್ಲದೆ. ಆ ಹೆಚ್ಚುವರಿ 1,200 ಚದರಡಿಗೆ ನೀವು ತಿಂಗಳು ತಿಂಗಳು ಕೊಡುವ ಬಾಡಿಗೆ ಅದು.

ಇಷ್ಟಾದ ಮೇಲೂ 40×60 ಬೇಕು ಅನ್ನಿಸಿದರೆ ತೆಗೆದುಕೊಳ್ಳಿ, ತಪ್ಪೇನಿಲ್ಲ. ಬೆಲೆ ಗೊತ್ತಿದ್ದು ತೆಗೆದುಕೊಂಡ ಹಾಗಾಯಿತು. ನಿಮ್ಮ ಮನೆಯ ಅಂಕಿಗಳನ್ನು ಹಾಕಿದಾಗ ಉತ್ತರ ತಿರುಗಮುರುಗ ಆಗಲೂಬಹುದು. ವಾರಕ್ಕೆ ಒಂದೇ ದಿನ ಓಡಾಟ, ಮನೆಯಲ್ಲಿ ವಯಸ್ಸಾದವರು ಇಬ್ಬರು ಅಂದರೆ ನಾನೂ ದೊಡ್ಡ ಸೈಟಿನ ಕಡೆಗೇ.

ಹಂತ 8: ಮೊದಲು ಬಾಡಿಗೆಗೆ ಇರಿ

ಸೈಟ್ ಕೊಳ್ಳುವ ಆತುರ ಇಲ್ಲದಿದ್ದರೆ ಅದೇ ಭಾಗದಲ್ಲಿ ಹನ್ನೊಂದು ತಿಂಗಳ ಕರಾರಿನ ಮೇಲೆ ಒಂದು ಬಾಡಿಗೆ ಮನೆ ಹಿಡಿಯಿರಿ. ಸಾಧ್ಯವಾದರೆ ಫೆಬ್ರುವರಿಯಲ್ಲಿ ಹೋಗಿ ಸೇರಿ. ಏಪ್ರಿಲ್‌ನಲ್ಲಿ ಬೋರ್‌ವೆಲ್ ಏನು ಮಾಡುತ್ತದೆ, ಜೂನ್‌ನಲ್ಲಿ ಶಾಲೆ ಶುರುವಾದಾಗ ಬೆಳಗಿನ ರಸ್ತೆ ಹೇಗಿರುತ್ತದೆ, ಸೆಪ್ಟೆಂಬರ್ ಮಳೆಯಲ್ಲಿ ನೀರು ಎಲ್ಲಿ ನಿಲ್ಲುತ್ತದೆ, ಮೂರನ್ನೂ ಒಂದೇ ಕರಾರಿನೊಳಗೆ ನೋಡಬಹುದು. ಒಳಗಿನ ಬಡಾವಣೆಗಳಿಗಿಂತ ಬಾಡಿಗೆಯೂ ಅಡ್ವಾನ್ಸೂ ಸಾಮಾನ್ಯವಾಗಿ ಕಡಿಮೆ. ಅಷ್ಟು ಹೊತ್ತಿಗೆ ಹಾಲಿನವನು, ಕಿರಾಣಿ ಅಂಗಡಿಯವನು, ಪಕ್ಕದ ಮನೆಯವರು ಪರಿಚಯ ಆಗಿರುತ್ತಾರೆ. ಬ್ರೋಕರ್ ಇಲ್ಲದೆ ನೇರ ಮಾಲೀಕರಿಂದ ಸೈಟ್ ಸಿಗುವುದು ಹೆಚ್ಚಾಗಿ ಇವರ ಬಾಯಿಂದಲೇ. ಕರಾರಿಗೆ ಸಹಿ ಹಾಕುವಾಗ ಟ್ಯಾಂಕರ್ ಖರ್ಚು ಯಾರದ್ದು ಅಂತ ಬರೆಸಿಕೊಳ್ಳಿ. ಮಾಲೀಕರು ಆ ಸಾಲು ಬೇಡ ಅಂತ ಎಳೆದಾಡಿದರೆ ಆ ಬೀದಿಯಲ್ಲಿ ಸೈಟ್ ಹುಡುಕುವುದನ್ನು ಅಲ್ಲಿಗೇ ಬಿಡಬಹುದು.